ಬಲಗಡೆಯ ಸೀಟು

ನಮ್ಮ ಡೆಲ್ಮರ್ ಹೋವ್‌ಲ್ಯಾಂಡನ ವಿಷಯ ಹೇಳಬೇಕು, ಹೇಳೋದಕ್ಕೂ ಸುಸ್ತು. ಈ ವಯಸ್ಸಿಗೆ ಎಲ್ಲದಕ್ಕೂ ಸುಸ್ತೇ. ಶನಿವಾರ ಬೆಳಿಗ್ಗೆ ಮೊಣಕಾಲು ತಿಕ್ಕಿಕೊಂಡು, ವಿಮಾನವನ್ನ ಶೆಡ್ಡಿನಿಂದ ಹೊರಗೆ ಎಳೆಯುವಾಗ, ಯಾಕೆ ಬೇಕಿತ್ತೇ ಲವಾನ್ ನಿನಗೆ ಈ ಹಾಳು ಹುಚ್ಚು ಅಂತ ನನಗೆ ನಾನೇ ಬೈದುಕೊಳ್ಳುತ್ತೇನೆ. ಆದರೂ ಎಳೆಯುತ್ತೇನೆ. ಅಯೋವಾದ ಈ ಮೆಕ್ಕೆಜೋಳದ ಸೀಮೆಯಲ್ಲಿ ನಮ್ಮಂಥ ಮುದುಕ ಮುದುಕಿಯರು ಎಷ್ಟೋ ಜನ. ಸ್ವಂತದ್ದೊಂದು ಪುಟ್ಟ ವಿಮಾನ ಇಟ್ಟುಕೊಂಡು, ಎರಡು ಜಿಲ್ಲೆ ದಾಟಿ ಯಾವುದೋ ಹುಲ್ಲು ಮೈದಾನದಲ್ಲಿ ಇಳಿದು, ಪ್ಯಾನ್‌ಕೇಕ್ ತಿಂದು ವಾಪಸ್ ಬರೋರು. ಮನೆಯಲ್ಲಿ ಮಾಡಿಕೊಳ್ಳೋಕೆ ಬರದ ತಿಂಡಿಯೇನಲ್ಲ ಅದು.

ಡೆಲ್ಮರ್ ಸ್ಕೂಲ್ ಬಸ್ಸು ಓಡಿಸಿ ರಿಟೈರ್ ಆದವನು. ಅವನ ಶೆಡ್ಡು ನನ್ನ ಶೆಡ್ಡಿನ ಪಕ್ಕ. ಅವನ ವಿಮಾನಕ್ಕೆ ರೆಕ್ಕೆ ಕೆಳಗಡೆ. ಎರಡು ರೆಕ್ಕೆಯಲ್ಲೂ ಒಂದೊಂದು ಪೆಟ್ರೋಲ್ ಟ್ಯಾಂಕು, ಆದರೆ ಎಂಜಿನ್ ಕುಡಿಯೋದು ಒಂದು ಸಲಕ್ಕೆ ಒಂದರಿಂದಲೇ. ಅರ್ಧ ಗಂಟೆಗೊಮ್ಮೆ ಹಿಡಿ ತಿರುಗಿಸಿ ಬದಲಿಸಬೇಕು. ನನ್ನದಕ್ಕೆ ರೆಕ್ಕೆ ಮೇಲೆ, ಎರಡೂ ಕಡೆಯಿಂದ ಒಟ್ಟಿಗೇ ಇಳಿಯುತ್ತೆ, ಹಿಡಿ ಇದ್ದರೂ ಅದನ್ನ ಮುಟ್ಟೋ ತಲೆನೋವಿಲ್ಲ. ನಿನ್ನದು ಸೋಮಾರಿಗಳ ವಿಮಾನ ಕಣೇ ಅಂತ ರೇಗಿಸೋನು.

ಅವನ ಹೆಂಡತಿ ಆರ್ಡಿಸ್ ಬಲಗಡೆಯ ಸೀಟಿನಲ್ಲಿ ಕೂತು ಸ್ವೆಟರ್ ಹೆಣೆಯೋಳು. ಕಿಟಕಿಯಿಂದಾಚೆ ನೋಡಿದವಳೇ ಅಲ್ಲ. ಕೆಳಗಿಂದ ನೋಡಿದ್ರೂ ಜೋಳ, ಮೇಲಿಂದ ನೋಡಿದ್ರೂ ಜೋಳ, ಏನು ನೋಡೋದು ಅನ್ನೋಳು. ಆದರೆ ಗಡಿಯಾರದ ಮೇಲೆ ಒಂದು ಕಣ್ಣು ಇದ್ದೇ ಇರೋದು. ಹೊತ್ತಾದ ಕೂಡಲೇ, ತಲೆ ಕೂಡ ಎತ್ತದೆ, "ಟ್ಯಾಂಕು, ಡೆಲ್" ಅನ್ನೋಳು. ಹಿಡಿ ಇರೋದು ಅವನ ಎಡ ಮೊಣಕಾಲಿನ ಪಕ್ಕ, ಅವಳ ಕೈಗೆ ಎಟುಕೋದೇ ಇಲ್ಲ. ಹೇಳೋದಷ್ಟೇ ಅವಳ ಕೆಲಸ. ಮದುವೆಯಾದಾಗಿನಿಂದ ಹಾಗೇ ನಡೆದಿತ್ತು.

ಚಳಿಗಾಲದಲ್ಲಿ ಆರ್ಡಿಸ್ ಹೋಗಿಬಿಟ್ಟಳು. ಹಿಮ ಕರಗಿದ್ದೇ ತಡ, ಇವನು ಒಬ್ಬನೇ ವಿಮಾನ ಹೊರಗೆ ತೆಗೆದ. ನನಗೆ ಕೋಪ ಬಂತು. ಸರಿಯಾಗಿ ನಿದ್ದೆಯಿಲ್ಲ, ಊಟವಿಲ್ಲ, ಈ ಸ್ಥಿತಿಯಲ್ಲಿ ಹಾರ್ತೀಯೇನೋ ಅಂತ ಬೈದೆ.

"ಮನೇಲಿ ಕೂತ್ರೆ ಅವಳಿಲ್ಲ ಅನ್ನಿಸುತ್ತೆ ಕಣೇ," ಅಂದ. "ಮೇಲೆ ಹೋದ್ರೆ ಅಷ್ಟು ಅನ್ನಿಸಲ್ಲ. ಇದೊಂದನ್ನ ಕಿತ್ಕೋಬೇಡ."

ಚಕ್ರಕ್ಕೆ ಅಡ್ಡ ಇಟ್ಟಿದ್ದ ಮರದ ತುಂಡನ್ನ ನಾನೇ ತೆಗೆದುಕೊಟ್ಟೆ.

ಜೂನ್ ತಿಂಗಳ ಒಂದು ಶನಿವಾರ ನಾವೆಲ್ಲ ತಿಂಡಿಗೆ ಕೂತಿದ್ದೆವು, ಡೆಲ್ಮರ್ ಬರಲೇ ಇಲ್ಲ. ಅವನ ತಟ್ಟೆ ತಣ್ಣಗಾಯಿತು. ಆಮೇಲೆ ಫೋನು ಬಂತು: ಎಂಜಿನ್ ನಿಂತು ಯಾರದೋ ಸೋಯಾ ಹೊಲದಲ್ಲಿ ಇಳಿದಿದ್ದಾನೆ. ನಮ್ಮ ಗುಂಪಿನ ವೆಂಡೆಲ್ ತನ್ನ ಟ್ರಕ್ಕಿನಲ್ಲಿ ನಮ್ಮನ್ನ ಕರೆದುಕೊಂಡು ಹೋದ. ವಿಮಾನಕ್ಕೆ ಗೀರೂ ಆಗಿರಲಿಲ್ಲ. ಡೆಲ್ಮರ್ ರೆಕ್ಕೆಯ ಮೇಲೆ ಟೋಪಿ ಹಿಡಿದು ಕೂತಿದ್ದ. ವೆಂಡೆಲ್ ಟ್ಯಾಂಕುಗಳ ಮುಚ್ಚಳ ತೆಗೆದು ನೋಡಿದ. ಎಡಗಡೆಯದು ಒಣಗಿತ್ತು, ಬಲಗಡೆಯದು ತುಂಬಿತ್ತು.

ನಮ್ಮ ಜನ ಎಂಥವರು ಗೊತ್ತೇ? ಇಳಿಯುವಾಗ ವಿಮಾನ ಸ್ವಲ್ಪ ಕುಪ್ಪಳಿಸಿದರೆ, ಇದನ್ನ ಒಂದು ಸಲ ಇಳಿದದ್ದು ಅಂತ ಬರ್ಕೊಳ್ಳಲಾ, ಮೂರು ಸಲ ಅಂತಲಾ ಅಂತ ವರ್ಷವಿಡೀ ಕೇಳುತ್ತಾರೆ. ವಿಮಾನದ ಬಾಲವನ್ನ ನೆಲಕ್ಕೆ ಕಟ್ಟಿದ ಹಗ್ಗ ಬಿಚ್ಚೋದು ಮರೆತು ನಾನೊಮ್ಮೆ ಎಂಜಿನ್ ಜೋರು ಮಾಡಿದ್ದಕ್ಕೆ, ಆ ಕ್ರಿಸ್‌ಮಸ್‌ಗೆ ವೆಂಡೆಲ್ ನನಗೆ ಕತ್ತರಿ ಉಡುಗೊರೆ ಕೊಟ್ಟ. ತಮಾಷೆ ಮಾಡಿದರೆ ಮುಂದಿನ ವಾರವೂ ಬಾ ಅಂತ ಅರ್ಥ. ಅವತ್ತು ಯಾರೂ ಒಂದು ತಮಾಷೆ ಮಾಡಲಿಲ್ಲ. ವೆಂಡೆಲ್ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಹೊಲ ನೋಡುತ್ತಾ ನಿಂತ. ಡೆಲ್ಮರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನಿಗೆ ಅರ್ಥವಾಯಿತು. ಜೇಬಿನಿಂದ ವಿಮಾನದ ಬೀಗದ ಕೈ ತೆಗೆದು ವೆಂಡೆಲ್‌ಗೆ ಕೊಟ್ಟುಬಿಟ್ಟ.

ವಾಪಸ್ ಬರುವಾಗ ಟ್ರಕ್ಕಿನ ಹಿಂಭಾಗದಲ್ಲಿ ಕೂತಿದ್ದು ನಾವಿಬ್ಬರೇ.

"ಎಂಜಿನ್ ಕೆಮ್ಮಿತು ಲವಾನ್. ಕೈ ಹಾಕಿ ಹಿಡಿ ತಿರುಗಿಸಿದ್ರೆ ಮುಗೀತಿತ್ತು," ಅಂದ. "ನಾನು ಬಲಗಡೆ ತಿರುಗಿ ನೋಡ್ತಾ ಕೂತೆ. ಅವಳು ಹೇಳ್ಲಿ ಅಂತ."

ಅವನ ಮೇಲೆ ಇದ್ದ ಕೋಪವೆಲ್ಲ ಎಲ್ಲಿ ಹೋಯಿತೋ.

ಆಮೇಲೆ ಅವನು ಮೈದಾನದ ಕಡೆ ತಲೆ ಹಾಕಲಿಲ್ಲ. ಹಗಲೆಲ್ಲ ಪರದೆ ಎಳೆದುಕೊಂಡು ಮಲಗಿರುತ್ತಿದ್ದ. ನೋಡಿ ನೋಡಿ ಸಾಕಾಗಿ, ಒಂದು ಶನಿವಾರ ಅವನ ಬಾಗಿಲು ಬಡಿದೆ. ಏಳೋ ಮಾರಾಯ, ಈ ಮೊಣಕಾಲಿಟ್ಟುಕೊಂಡು ಒಬ್ಬಳೇ ವಿಮಾನ ಎಳೆಯೋಕೆ ನನ್ನ ಕೈಲಾಗಲ್ಲ ಅಂದೆ. ಅದು ನಿಜವೂ ಹೌದು. ಗೊಣಗುತ್ತಾ ಬಂದ. ವಿಮಾನ ಎಳೆದುಕೊಟ್ಟ. ಬಲಗಡೆಯ ಸೀಟಿನ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಹತ್ತಿ ಕೂತ.

ಕೆಳಗೆ ಜೋಳ, ಮುಂದೆಯೂ ಜೋಳ. ಅವನು ಕೈಗಡಿಯಾರ ನೋಡಿಕೊಳ್ಳುತ್ತಲೇ ಇದ್ದ. ಅರ್ಧ ಗಂಟೆ ಆಗಿರಬೇಕು.

"ಟ್ಯಾಂಕು," ಅಂದ.

ನನ್ನ ವಿಮಾನದಲ್ಲಿ ಬದಲಿಸೋ ಅಗತ್ಯವೇ ಇಲ್ಲ. ಅದು ಅವನಿಗೆ ಗೊತ್ತಿಲ್ಲದ್ದೇ? ನಾನು ಬಗ್ಗಿ, ಹಿಡಿಯನ್ನ ಒಂದು ಕಡೆಗೆ ತಿರುಗಿಸಿದೆ.

"ಬದಲಿಸಿದೆ," ಅಂದೆ.