ಒಲ್ಲೆ ಅಂದ ಹುಡುಗಿ

ಅಕ್ಕಲಕೋಟದ ಬಸ್ಸು ಸೋಲಾಪುರ ಬಿಡುವಾಗಲೇ ಕಿಕ್ಕಿರಿದಿತ್ತು. ಕೈಗೂಸು ಎತ್ತಿಕೊಂಡ ತಾಯಿಯೊಬ್ಬಳು ಎಂಟೊಂಬತ್ತು ವರ್ಷದ ಮಗಳೊಡನೆ ಹತ್ತಿ ನಿಂತಳು. ನನ್ನ ಮುಂದಿನ ಸೀಟಿನಲ್ಲಿದ್ದ ಇಸ್ತ್ರಿ ಅಂಗಿಯ ಗೃಹಸ್ಥ, ಗುರುತು ಪರಿಚಯವಿಲ್ಲದ ಆ ಹುಡುಗಿಯ ಕೈ ಹಿಡಿದೆಳೆದು ತೊಡೆಯ ಮೇಲೆ ಕೂರಿಸಿಕೊಂಡ. “ಒಲ್ಲೆ” ಎಂದು ಅವಳು ಇಳಿದಳು. ಮತ್ತೆ ಎಳೆದ, ಈ ಸಲ ಸೊಂಟಕ್ಕೆ ಕೈ ಸುತ್ತಿ ಬಿಗಿಯಾಗಿ ಹಿಡಿದ.

“ಕೂಡವಾ, ಕಾಕಾ ಅಷ್ಟು ಪ್ರೀತಿಲಿಂದ ಕರ್ಯಾಕತ್ತಾರ,” ಎಂದಳು ತಾಯಿ, ಸಂಕೋಚದಿಂದ. ಹುಡುಗಿ ಅಳತೊಡಗಿದಳು.

ನಾನು ಎದ್ದು ನಿಂತೆ. “ಬಿಡ್ರಿ ಆಕಿನ್ನ. ತಾಯಿ ಮಗಳು ನನ್ನ ಸೀಟಿನ್ಯಾಗ ಕೂಡ್ತಾರ.”

“ಯಾಕ್ರಿ ಸಾಹೇಬ್ರ? ನನ್ನ ಮಗಳಿದ್ದಂಗ ಅದಾಳ. ಸಣ್ಣ ಹುಡುಗಿಗಿ ಏನ್ ತಿಳೀತದ?”

“ಒಲ್ಲೆ ಅನ್ನೂದು ತಿಳದದ. ನಿಮಗ ತಿಳದಿಲ್ಲ.”

ಅವನು ಕೈ ಬಿಟ್ಟ. ಹುಡುಗಿ ನನ್ನ ಸೀಟಿಗೆ ನುಗ್ಗಿ ಕಿಟಕಿಗೆ ಅಂಟಿ ಕೂತಳು. ಬಸ್ಸಿನ ಸಿಟ್ಟೆಲ್ಲ ಆಗ ನನ್ನ ಮೇಲೆ ತಿರುಗಿತು. “ಜಮಾನಾನ ಕೆಟ್ಟದ. ಹಿರ್ಯಾರ ಮ್ಯಾಲೂ ಸಂಶೇ ಪಡ್ತಾರ,” ಎಂದಿತು ಹಿಂದಿನಿಂದ ಒಂದು ದನಿ. ಕಂಡಕ್ಟರ್ ಮರಾಠಿಯಲ್ಲಿ “ಜಾಊ ದ್ಯಾ, ಕಾಕಾ”, ಹೋಗಲಿ ಬಿಡಿ, ಎಂದು ಸಮಾಧಾನ ಮಾಡಿದ್ದೂ ಅವನನ್ನೇ. ಹುಡುಗಿ ಅತ್ತದ್ದು ಯಾರಿಗೂ ಕಂಡಿರಲಿಲ್ಲ. ಗೃಹಸ್ಥನ ಮುಖ ಸಪ್ಪಗಾದದ್ದು ಎಲ್ಲರಿಗೂ ಕಂಡಿತ್ತು.

ವಳಸಂಗದಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ಕೋಲೂರಿಕೊಂಡು ಹತ್ತಿದ. ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ.

“ಕಾಕಾ, ನಿಮ್ಮ ತೊಡಿ ಖಾಲಿ ಅದಲ್ರಿ, ಈ ಅಜ್ಜಗ ಕೂಡಿಸ್ಕೋರಿ,” ಎಂದೆ.

ಪರೋಪಕಾರಿಗೆ ಅಷ್ಟರಲ್ಲೇ ಗಾಢ ನಿದ್ದೆ ಹತ್ತಿತ್ತು.