ತಂಗಿಗೆ ಇಲ್ಲದ ಶುಗರ್

ಕಳೆದ ವಾರ ನನ್ನ ತಂಗಿಯ ಬಾಯಿಗೆ ಮೂರು ಚಮಚ ಸಕ್ಕರೆ ತುರುಕಿದೆ.

ಆಫೀಸ್ ಕೆಲಸಕ್ಕೆಂದು ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗಿದ್ದೆ. ಹೋಟೆಲ್ ಯಾಕೆ, ಬಾಕ್ಸ್ ಹಿಲ್‌ನಲ್ಲಿ ತಂಗಿ ಶುಭಾಳ ಮನೆ ಇದೆಯಲ್ಲ! ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ. ಬಾತ್‌ರೂಮಿನಿಂದ ಹೊರಬಂದವಳು ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತಳು. ಮುಖ ಬಿಳಿಚಿಕೊಂಡಿತ್ತು. ಶುಗರ್ ಲೋ ಆಗಿದೆ ಎಂದು ಸಕ್ಕರೆ ಡಬ್ಬಿಗೆ ಓಡಿದೆ. ಎರಡು ವರ್ಷದಿಂದ ಅವಳಿಗೆ ಶುಗರ್ ಅಂತ ಇಡೀ ಬಳಗಕ್ಕೆ ಗೊತ್ತಲ್ಲ?

ಅವಳು ಸಕ್ಕರೆ ಉಗುಳಿದಳು. "ಅಕ್ಕ, ನಂಗೆ ಶುಗರ್ ಇಲ್ಲ ಕಣೇ. ಪಿಸಿಓಎಸ್ ಇರೋದು, ಹಾರ್ಮೋನ್ ತೊಂದ್ರೆ. ಎಂಟು ತಿಂಗಳು ಪೀರಿಯಡ್ಸೇ ಬಂದಿರ್ಲಿಲ್ಲ. ಈಗ ಬಂದು ಹನ್ನೆರಡು ದಿನ ಆಯ್ತು, ನಿಲ್ತಾನೇ ಇಲ್ಲ."

ನಾನು ಚಮಚ ಬದಿಗಿಟ್ಟು ಅವಳ ಪಕ್ಕ ನೆಲದ ಮೇಲೇ ಕೂತೆ.

ಹಾಗಾದರೆ ಶುಗರ್ ಕಥೆ ಹುಟ್ಟಿದ್ದೆಲ್ಲಿ? ಮೈಸೂರಿನಿಂದ ಬಂದಿದ್ದ ಅಮ್ಮ ಅಡುಗೆಮನೆಯಲ್ಲಿ ಇವಳ ಮಾತ್ರೆ ನೋಡಿ, "ಅಯ್ಯೋ, ಇದು ನನ್ನ ಶುಗರ್ ಮಾತ್ರೆ ಅಲ್ವೇನೇ!" ಅಂದರಂತೆ. ಮಾತ್ರೆ ಅದೇ. ಪಿಸಿಓಎಸ್‌ಗೂ ಅದನ್ನೇ ಕೊಡುವುದುಂಟು. ಇವಳು ಹೂಂ ಅಂದುಬಿಟ್ಟಳು. (ಗಂಡನಿಗೆ ನಿಜ ಗೊತ್ತಿತ್ತು. ಆ ಮಹಾಶಯನೂ ಹೂಂ ಅಂದಿದ್ದ.) ನಾನು ವಾರ ವಾರ ರಾಗಿ ರೆಸಿಪಿ, ಮೆಂತ್ಯದ ನೀರು ಅಂತ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. ಯುಗಾದಿ ಊಟದಲ್ಲಿ ಒಬ್ಬಟ್ಟು ಅವಳೊಬ್ಬಳ ತಟ್ಟೆಗೆ ಬೀಳುತ್ತಿರಲಿಲ್ಲ.

ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಓಡಿದೆ. ಆ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗಬಹುದು, ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರಿನ ಅಪಾಯವೂ ಇದೆ, ಚೆಕಪ್ ಯಾಕೆ ನಿಲ್ಲಿಸಿದಿರಿ ಎಂದು ಮೆಲ್ಲಗೆ ಕೇಳಿದರು. ಬ್ಲಡ್ ಟೆಸ್ಟ್, ಸ್ಕ್ಯಾನ್ ಬರೆದರು. ಕ್ಯಾನ್ಸರ್ ಅನ್ನುವ ಪದ ಕೇಳಿ ನನಗೆ ಮುಂದಿನದೇನೂ ಕೇಳಿಸಲಿಲ್ಲ. ಮಾತ್ರೆ ನುಂಗುತ್ತಿದ್ದೇನಲ್ಲ, ಸಾಕು ಅಂತ ಶುಭಾ ಅಂದುಕೊಂಡಿದ್ದಳಂತೆ! ಆಫೀಸಿನಲ್ಲಿ ಒಂದು ಸಣ್ಣ ಎರರ್ ಬಂದರೂ ಊಟ ಬಿಟ್ಟು ಕೂರುವ ಹುಡುಗಿ ಇವಳು.

ಕಾರಿನಲ್ಲಿ ನನಗೆ ಸಿಟ್ಟು ಉಕ್ಕಿತು. "ಅಮ್ಮನಿಗೆ ಬೇಡ, ನಂಗೆ ಹೇಳೋಕೇನಾಗಿತ್ತೇ?"

"ಹೇಳೋಣ ಅಂತಾನೇ ಒಂದಿನ ಫೋನ್ ಮಾಡಿದ್ದೆ ಅಕ್ಕ. ನೀನು ಸಿಡ್ನೀಲಿ ಪೆಂಡಲ್ ಹಿಲ್ ಅಂಗಡೀಲಿ ತರಕಾರಿ ತಗೋತಿದ್ದೆ. ಯಾರೋ ಹುಡುಗಿ ಸುದ್ದಿ ಎತ್ತಿದೆ. ಪಿಸಿಓಎಸ್ ಅಂತೆ, ಮದುವೆಗೆ ಮುಂಚೆ ಮುಚ್ಚಿಟ್ಟಿದ್ರಂತೆ, ಪಾಪ ಆ ಹುಡುಗ ಅಂದೆ. ನಾನು ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಬಿಟ್ಟೆ."

ನನಗೆ ಆ ಫೋನ್ ನೆನಪೇ ಇಲ್ಲ. ಆದರೆ ಅಂದಿರುತ್ತೇನೆ. ಪ್ರತಿ ವಾರ ಈ ಅಂಕಣದಲ್ಲಿ ಹೆಣ್ಣುಮಕ್ಕಳ ಪರ ಉದ್ದುದ್ದ ಬರೆಯುವ ನಾನೇ, ಬೆಂಡೆಕಾಯಿ ಆರಿಸುತ್ತಾ ಹಾಗೆ ಅಂದಿರುತ್ತೇನೆ.

ಬ್ಲೀಡಿಂಗ್ ನಿಂತಿದೆ. ಸ್ಕ್ಯಾನ್ ರಿಪೋರ್ಟಿಗೆ ಕಾಯುತ್ತಿದ್ದೇವೆ. (ಇದನ್ನೆಲ್ಲ ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.) ಅವಳ ಹಾರ್ಮೋನಿಗೆ ಡಾಕ್ಟರ್ ಹೊಸ ಮಾತ್ರೆ ಬರೆದುಕೊಟ್ಟಿದ್ದಾರೆ.

ನನ್ನ ಬಾಯಿಗೆ ಯಾರು ಬರೆದುಕೊಡುತ್ತಾರೆ?