ಕಣ್ಣು ತೆರೆಯದ ಮುಖ, ಎರಡು ಸೆಟ್ ಲೆನ್ಸ್

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮೊದಲು ಹಿಡಿದದ್ದು ಉಳಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಸೋದರಮಾವ ವಿಗ್ರಹ ಕೆತ್ತುತ್ತಿದ್ದರು. ಅವರ ಚಪ್ಪರದ ಕೆಳಗೆ ಕೆಲವು ವರ್ಷ ಕಲ್ಲಿನ ಧೂಳು ಕುಡಿದು, ಆಮೇಲೆ ಬೆಂಗಳೂರಿಗೆ ಹೋಗಿ, ಸಿನಿಮಾ ಕ್ಯಾಮೆರಾ ಬಾಡಿಗೆಗೆ ಕೊಡುವ ಯೂನಿಟ್ಟೊಂದಕ್ಕೆ ಪೆಟ್ಟಿಗೆ ಹೊರಲು ಸೇರಿದೆ. ಹೊರುವವನಾಗಿಯೇ ಉಳಿಯಲಿಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ಯೂನಿಟ್ಟಿನ ಲೆನ್ಸ್‌ಗಳೆಲ್ಲ ನನ್ನ ಸುಪರ್ದಿಯಲ್ಲಿದ್ದವು. ಲೆನ್ಸ್ ಎಲ್ಲಿಗೆ ಹೋದರೂ ಜೊತೆಗೆ ನಾನು ಹೋಗಬೇಕು, ನನ್ನ ದಿನದ ಖರ್ಚಿನ ಬಾಟಾ ಬೇರೆ ಬರಬೇಕು. ಅದು ವಾಡಿಕೆ.

ಝೂಮ್ ಇಲ್ಲದ, ಒಂದೊಂದಕ್ಕೆ ಒಂದೇ ನೋಟವಿರುವ ಲೆನ್ಸ್‌ಗೆ ನಮ್ಮವರು ಬ್ಲಾಕ್ ಲೆನ್ಸ್ ಅನ್ನುತ್ತಾರೆ. ನಮ್ಮಲ್ಲಿ ಅಂಥವು ಒಂದು ಸೆಟ್ ಇದ್ದವು. ಒಂದೇ ತಾಯಿಯ ಮಕ್ಕಳಾದರೂ ಬಣ್ಣ ಒಂದೇ ಇರಲಿಲ್ಲ. ಮೂವತ್ತೆರಡು ಎಂ.ಎಂ. ಲೆನ್ಸ್ ಕೊಂಚ ನೀಲಿಗೆ ತಿರುಗುತ್ತಿತ್ತು, ಐವತ್ತು ಹಳದಿಗೆ. ಫಿಲಂ ಕಾಲದಲ್ಲಿ ಅದನ್ನೆಲ್ಲ ಲ್ಯಾಬಿನವರು ಸರಿಮಾಡುತ್ತಿದ್ದರು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಹಾಡು ತೆಗೆಯುವಾಗ ಎಂಬತ್ತೈದು ಹಾಕಿದರೆ ಸಾಕು, ಎಲೆಯ ಸಂದಿಯ ಬಿಸಿಲು ನಾಯಕಿಯ ಕೆನ್ನೆಯ ಮೇಲೆ ಬೆಣ್ಣೆಯ ಹಾಗೆ ಕರಗಿ ಕೂರುತ್ತಿತ್ತು.

ಎರಡು ಸಾವಿರದ ದಶಕದ ಕೊನೆಗೆ ಫಿಲಂ ಇಲ್ಲದ ಡಿಜಿಟಲ್ ಕ್ಯಾಮೆರಾ ಬಂತು. ಅದರ ಜೊತೆಗೆ ಹೊಸ ಬ್ಲಾಕ್ ಲೆನ್ಸ್‌ಗಳೂ ಬಂದವು. ಕೋಲಾರದ ನಿರ್ಮಾಪಕರೊಬ್ಬರು ಹೊಸ ಕ್ಯಾಮೆರಾದಲ್ಲಿ ಚಿತ್ರ ಮಾಡಲು ಹೊರಟರು. ಲೆನ್ಸ್ ಮಾತ್ರ ನಮ್ಮದೋ ಹೊಸದೋ ಎಂದು ಟೆಸ್ಟ್ ಮಾಡಿ ನೋಡೋಣ ಎಂದರು. ನಮ್ಮ ಯೂನಿಟ್ ಮಾಲೀಕರು ನನ್ನನ್ನು ಕರೆದು ಹೇಳಿದರು.

“ನೋಡಯ್ಯ, ಇದ್ರಲ್ಲಿ ನಮ್ ಸೆಟ್ ಪಾಸಾದ್ರೆ ಯೂನಿಟ್ ನಡೀತದೆ. ಇಲ್ಲಾಂದ್ರೆ ಎಲ್ಲಾ ಮಾರಿ ಬಾಗಿಲು ಹಾಕ್ತೀನಿ. ನೀನೂ ಬೇರೆ ಕಡೆ ನೋಡ್ಕೋಬೇಕಾಯ್ತದೆ.”

“ಆಯ್ತು ಸಾರ್” ಎಂದೆ.

ನಾಯಕಿ ಇನ್ನೂ ಗೊತ್ತಾಗಿರಲಿಲ್ಲ. ಟೆಸ್ಟಿಗೆ ಒಂದು ಮುಖ ಬೇಕಲ್ಲ. ಆ ಚಿತ್ರದ ಕ್ಯಾಮೆರಾಮನ್ನರು ನನ್ನ ಕಡೆ ತಿರುಗಿ, “ನಿಮ್ ಕಡೆ ವಿಗ್ರಹ ಮಾಡ್ತಾರಲ್ಲ, ಕಲ್ಲಿನ ಮುಖ ಸಾಕು ಬಿಡ್ರಿ. ಅಲ್ಲಾಡಲ್ಲ, ಜ್ಯೂಸ್ ಕೇಳಲ್ಲ” ಎಂದರು. ಹಾಗೆ ಎರಡು ಸೆಟ್ಟೂ ಮಾವನ ಚಪ್ಪರಕ್ಕೆ ಬಂದವು.

ಲೆನ್ಸ್‌ಗೆ ಧೂಳಿಗಿಂತ ದೊಡ್ಡ ಶತ್ರು ಇಲ್ಲ. ನೆಲಕ್ಕೆ ನೀರು ಚಿಮುಕಿಸಿ, ಕೆಲಸ ಸ್ವಲ್ಪ ನಿಲ್ಲಿಸಿ ಎಂದು ಕೇಳಿಕೊಂಡೆ.

“ಲೇ, ಸುತ್ತಿಗೆ ಕೆಳಗಿಡ್ರೋ” ಎಂದು ಮಾವ ಕೆಲಸದವರಿಗೆ ಕೂಗಿದರು. “ನಮ್ಮಳಿಯನ ಗಾಜಿಗೆ ನೆಗಡಿ ಆಯ್ತದಂತೆ!”

ಎಲ್ಲರೂ ನಕ್ಕರು. ಕೃಷ್ಣಶಿಲೆಯ ದೇವಿಯೊಂದು ಮುಗಿದು ನಿಂತಿತ್ತು, ಕಣ್ಣು ಮಾತ್ರ ಇರಲಿಲ್ಲ.

“ಕಣ್ಣಿಲ್ಲದ ಮುಖಕ್ಕೆ ಫೋಕಸ್ ಎಲ್ಲಿ ಇಡ್ಲಿ? ಕಣ್ಣಿರೋದು ಯಾವ್ದೂ ಇಲ್ವಾ?” ಎಂದರು ಕ್ಯಾಮೆರಾಮನ್ನರು.

“ಕಣ್ಣು ತೆರೆಯೋದು ಗುಡೀಲಿ ಸ್ವಾಮಿ, ಪ್ರತಿಷ್ಠೆ ದಿವ್ಸ. ಮೊದಲ್ನೇ ನೋಟ ಕನ್ನಡಿಗೆ. ನಿಮ್ ಪೆಟ್ಟಿಗೆಗೆ ಕೊಡಕಾಗಲ್ಲ” ಎಂದರು ಮಾವ. “ಮೂಗಿನ ತುದಿಗಿಡಿ. ಮೂಗೂ ಚೆನ್ನಾಗೇ ಬಂದೈತೆ.”

ಮೂಗಿನ ತುದಿಗೆ ಟೇಪು ಹಿಡಿದು ಅಳೆದೆ. ಮೊದಲು ನಮ್ಮ ಲೆನ್ಸ್, ಆಮೇಲೆ ಅದೇ ಅಳತೆಯ ಹೊಸದು. ಅದೇ ಬೆಳಕು, ಅದೇ ದೂರ. ಹೊಸ ಸೆಟ್ಟಿನವೆಲ್ಲ ಒಂದೇ ಗಾತ್ರ. ಒಂದನ್ನು ಬಿಚ್ಚಿ ಇನ್ನೊಂದು ಹಾಕಿದರೆ ಫೋಕಸ್ ತಿರುಗಿಸುವ ಹಲ್ಲುಚಕ್ರ ಅಲ್ಲಿಗೇ ಬಂದು ಕೂರುತ್ತಿತ್ತು. ನಮ್ಮವು ಒಂದು ಗಿಡ್ಡ, ಒಂದು ಉದ್ದ. ಪ್ರತಿ ಸಲ ನಾನು ಚಕ್ರ ಸರಿಸಿ ಕೂರಿಸುವಾಗ ಹೊಸ ಸೆಟ್ಟಿನ ಜೊತೆ ಬಂದವನು ಕೈಕಟ್ಟಿಕೊಂಡು ಕಾಯುತ್ತಿದ್ದ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಕೋಲಾರದಲ್ಲಿ ನಿರ್ಮಾಪಕರ ಮನೆಯಲ್ಲಿ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದೆವು. ಅವರು ದೇವಿಯ ಮುಖವನ್ನು ದೊಡ್ಡದು ಮಾಡುತ್ತ ಹೋದರು. ನಮ್ಮದರಲ್ಲಿ ಮುಖ ಶಾಂತವಾಗಿತ್ತು, ಅಂಚಿನ ಕಡೆ ಕೊಂಚ ಮಂಜು.

“ಸಾರ್, ಹೆಂಗಸ್ರ ಮುಖಕ್ಕೆ ಹಳೇದು ಮೆತ್ತಗಿರ್ತದೆ” ಎಂದರು ಕ್ಯಾಮೆರಾಮನ್ನರು.

“ಮೆತ್ತಗೆ ಬೇಕಾದ್ರೆ ಆಮೇಲೆ ಕಂಪ್ಯೂಟರಲ್ಲೇ ಮಾಡ್ಕೋಬಹುದಲ್ರೀ. ಲೆನ್ಸಲ್ಲೇ ಬರದೇ ಇರೋದನ್ನ ಎಲ್ಲಿಂದ ತರ್ತೀರಿ?” ಎಂದರು ನಿರ್ಮಾಪಕರು. ಆಮೇಲೆ ನನ್ನ ಕಡೆ ನೋಡಿ, “ನೀವೇನಂತೀರಿ?” ಎಂದರು.

ಹೊಸ ಲೆನ್ಸ್ ತೆಗೆದದ್ದನ್ನು ನೋಡಿದೆ. ಹುಬ್ಬಿನ ಕೆಳಗೆ, ಪಾಲಿಶ್ ತಲುಪದ ಕಡೆ, ಸಣ್ಣ ಉಳಿಯ ಗೆರೆಗಳು ಓರೆಯಾಗಿ ಹೊರಳಿದ್ದವು. ಮಾವ ಎಡಗೈಯವರು. ಅವರ ಗೆರೆ ಆ ಕಡೆಗೇ ಹೊರಳುವುದು. ನಮ್ಮ ಲೆನ್ಸ್ ತೆಗೆದದ್ದರಲ್ಲಿ ಅಲ್ಲಿ ಬರೀ ನೆರಳಿತ್ತು.

“ಹೊಸದ್ರಲ್ಲಿ ಕೆತ್ತಿದೋರ ಕೈ ಕಾಣ್ತದೆ” ಎಂದೆ. ಇದ್ದದ್ದನ್ನು ಇಲ್ಲ ಎನ್ನಲು ನನಗೆ ಬರುವುದಿಲ್ಲ.

ಅಲ್ಲಿಗೆ ಮುಗಿಯಿತು. ಕಾಫಿ ಕೊಟ್ಟರು, ಕುಡಿದೆ. ಬೇಜಾರಾಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಏನೂ ಆಗಲಿಲ್ಲ. ಲೆನ್ಸ್‌ಗಳನ್ನು ಒರೆಸಿ, ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಯೂನಿಟ್ಟಿನ ವ್ಯಾನಿನಲ್ಲಿ ಕಳಿಸಿ, ನಾನು ಬಸ್ಸು ಹಿಡಿದು ಶಿವಾರಪಟ್ಟಣಕ್ಕೇ ಹೋದೆ. ಅತ್ತೆ ಮುದ್ದೆ ಇಟ್ಟರು. ಸಾರಿಗೆ ಉಪ್ಪು ಸರಿ ಇದೆಯಾ ಎಂದು ಕೇಳಿದರು. ಇದೆ ಎಂದೆ. ಮಾವ ಒಂದು ತುತ್ತು ತಿಂದು, “ಏನೇ ಇದು, ಉಪ್ಪೇ ಇಲ್ಲ” ಎಂದರು.

“ಏನ್ಲಾ ಆಯ್ತು?” ಎಂದು ನನ್ನನ್ನು ಕೇಳಿದರು.

“ಹೊಸದನ್ನೇ ತಗೊಂಡ್ರು.”

“ಮತ್ತೆ ನೀನು?”

“ನೋಡ್ಬೇಕು.”

“ನಾಳೆಯಿಂದ ಇಲ್ಗೇ ಬಾ ಅಂದ್ರೆ ಬರ್ತೀಯಾ? ಬರಲ್ಲ. ನಿಂದು ಮೊದ್ಲಿಂದ ಕಲ್ಲಿಗಿಂತ ಗಟ್ಟಿ ತಲೆ” ಎಂದು ಮಾವ ಮುದ್ದೆ ಮುರಿದರು. ಬಿಟ್ಟು ಹೋದ ಚಪ್ಪರಕ್ಕೆ ಕೈ ಖಾಲಿಯಾಯಿತೆಂದು ಮರಳುವುದು ನನ್ನಿಂದ ಆಗದು ಎಂದು ಅವರಿಗೂ ಗೊತ್ತಿತ್ತು.

ಮಾಲೀಕರು ಹೇಳಿದಂತೆಯೇ ಮಾಡಿದರು. ಸೆಟ್ಟನ್ನು ಯಾರೋ ಚೆನ್ನೈಯವರು ಕೊಂಡರು. ಜೊತೆಗೆ ಆಳು ಬೇಡ ಎಂದರಂತೆ.

ನಾನು ವೇಮಗಲ್ಲಿನ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಕೆಲಸ ಕೇಳಲು ಹೋಗಿ ನಿಂತೆ. ಆಫೀಸಿನಲ್ಲಿದ್ದವರು ತಲೆ ಎತ್ತದೆ, “ಇದಕ್ ಮುಂಚೆ ಏನ್ ಕೆಲ್ಸ ಮಾಡ್ತಿದ್ರಿ?” ಎಂದು ಕೇಳಿದರು.

“ಲೆನ್ಸ್ ನೋಡ್ಕೋತಿದ್ದೆ.”

“ಕನ್ನಡಕದ ಅಂಗಡೀಲಾ?”

ಹೇಳಲು ಹೊರಟರೆ ಎಲ್ಲಿಂದಲೋ ಹೇಳಬೇಕಾಗಿತ್ತು. ನನ್ನ ಹಿಂದೆ ಇನ್ನೂ ಜನ ನಿಂತಿದ್ದರು.

“ಹೂಂ” ಎಂದೆ.

ಬೆಳಗಿನ ಶಿಫ್ಟಿಗೆ ಬರಲು ಹೇಳಿದರು.